ಬೇಲಿಯಾಚೆಯ ಬಾವಿ

ಅಪ್ಪನಿಗೆ,

ನಿಮ್ಮ ಪತ್ರ ತಲುಪಿತು. ‘ಅಗೆಯೋದನ್ನ ಡಿಪೋ ಬೇಲಿಗೇ ನಿಲ್ಲಿಸಮ್ಮ, ಈ ವಯಸ್ಸಲ್ಲಿ ನನ್ನ ಮಾನ ಹರಾಜು ಹಾಕಬೇಡ’ ಎಂದಿದ್ದೀರಿ. ನೀವು ಆ ಡಿಪೋದ ಮೇಲ್ವಿಚಾರಕರಾಗಿದ್ದಾಗ ಟ್ಯಾಂಕಿನಿಂದ ಸೋರಿದ ಡೀಸೆಲ್ ಬೇಲಿ ಕಂಡು ನಿಲ್ಲಲಿಲ್ಲ. ನನ್ನ ಯಂತ್ರವೂ ನಿಲ್ಲುವುದಿಲ್ಲ.

ಎಣ್ಣೆ ಇಳಿದ ಮಣ್ಣನ್ನು ಅಗೆದು ತೆಗೆಯುವ ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಗುಂಡಿಯೊಳಗೆ ಸ್ವಲ್ಪ ಹೊತ್ತು ನಿಂತರೆ ನಮ್ಮ ಮೂಗು ಸತ್ತುಹೋಗುತ್ತದೆ. ಎಣ್ಣೆ ಕುಡಿದ ಮಣ್ಣೂ ಒಳ್ಳೆಯ ಮಣ್ಣಿನ ಹಾಗೇ ಅನ್ನಿಸುತ್ತದೆ. ಹಾಗಾಗಿ ಹೊರಗಿನಿಂದ ಆಗಷ್ಟೇ ಬಂದವರನ್ನು ಕರೆದು ಮೂಸಿಸುತ್ತೇವೆ. ಅವರು ನಾರುತ್ತದೆ ಎಂದರೆ ಮತ್ತೆ ಅಗೆಯುತ್ತೇವೆ, ವಾದ ಮಾಡುವುದಿಲ್ಲ.

ನಾನು ಚಿಕ್ಕವಳಿದ್ದಾಗ ಒಮ್ಮೆ ತವರಿನಲ್ಲಿ ತಿಂಗಳಿದ್ದು ಮರಳಿದ ಅಮ್ಮ, ಬೇಲಿಯಾಚೆಯ ಆಗಿನ ನಮ್ಮ ಮನೆಯ ಬಾವಿ ನಾರುತ್ತಿದೆ ಎಂದಳು. ‘ತಲೆ ಕೆಟ್ಟಿದೆ ಕಣೇ ನಿಂಗೆ, ಇಲ್ಲಿ ನೋಡು’ ಎಂದು ಅವಳಿಗೆ ಹೇಳಿ ನೀವು ನನಗೆ ಅದೇ ಬಾವಿಯ ಒಂದು ಲೋಟ ನೀರು ಕುಡಿಸಿದಿರಿ. ನಿಮ್ಮನ್ನು ಗೆಲ್ಲಿಸಬೇಕೆಂದು ನಾನು ಗಟಗಟ ಕುಡಿದು ಖಾಲಿ ಲೋಟ ತೋರಿಸಿದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅಮ್ಮನ ಹೆಸರೇ ‘ತಲೆಕೆಟ್ಟವಳು’ ಎಂದಾಯಿತು.

ಮುಚ್ಚಿಹೋಗಿದ್ದ ಆ ಬಾವಿಯನ್ನು ನಿನ್ನೆ ತೆರೆದೆವು. ನೀರಿನ ಮೇಲೆ ಬೆರಳು ದಪ್ಪ ಎಣ್ಣೆ ನಿಂತಿತ್ತು. ಲಾರಿ ಚಾಲಕನ ಕೈಯಲ್ಲಿ ಆ ನೀರಿನ ಒಂದು ಬಾಟಲಿ ಕಳಿಸಿದ್ದೇನೆ. ಕುಡಿಯಿರಿ ಎನ್ನುವುದಿಲ್ಲ. ಅಮ್ಮನ ಎದುರಿಗೆ ಮುಚ್ಚಳ ತೆಗೆದು ಮೂಸಿ, ಏನು ವಾಸನೆ ಎಂದು ಬಾಯಿಬಿಟ್ಟು ಹೇಳಿ.

ನಿಮಗೆ ವಾಸನೆ ಬಾರದಿದ್ದರೆ ಚಿಂತೆಯಿಲ್ಲ. ಅಕ್ಕಪಕ್ಕದ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಮೂಸಿಸಲು ಆ ಚಾಲಕನಿಗೆ ಹೇಳಿದ್ದೇನೆ. ಅವರಿಗೆ ಕೂರಲು ಕುರ್ಚಿ ಹಾಕಿಸಿಡಿ.

ಇಂತಿ,
ಖಾಲಿ ಲೋಟ ತೋರಿಸಿದ ನಿಮ್ಮ ಮಗಳು