ನೂರ ಎಂಬತ್ತೊಂದು ಡಿಗ್ರಿ

ನವೆಂಬರ್ 6, ಗುರುವಾರ

ಒಂಬತ್ತನೇ ಬಿ ಗಣಿತದ ಟೆಸ್ಟ್ ಪೇಪರ್ ತಿದ್ದಿ ಮುಗಿಸಿದೆ. ತಲೆನೋವು.

ಶಾಲೆಯ ಕಂಪ್ಯೂಟರ್ ಕೋಣೆ ತೆರೆದದ್ದು ಆಯುಧಪೂಜೆಗೆ ಮಾತ್ರ. ಗಂಧ, ಕುಂಕುಮ ಹಚ್ಚಿ ಮತ್ತೆ ಬೀಗ. ಬಳಸುವ ಮೇಷ್ಟರಿಲ್ಲದಿದ್ದರೆ ಅಷ್ಟೂ ಮಷೀನು ಬ್ಯಾಡರಹಳ್ಳಿಯ ಶಾಲೆಗೆ ಹೋಗುತ್ತವಂತೆ. ಇಪ್ಪತ್ತನೇ ತಾರೀಖು ಶಿಕ್ಷಣ ಇಲಾಖೆಯ ಆಫೀಸರು ಬಂದು ಪಾಠ ನೋಡುತ್ತಾರೆ. ಹೆಡ್‌ಮಾಸ್ಟರ್ ರೇವಣಸಿದ್ದಯ್ಯನವರು "ಯಾರು ಮಾಡ್ತೀರಿ?" ಅಂದರು. ಎಲ್ಲರೂ ಟೀ ಲೋಟ ನೋಡಿಕೊಂಡರು. ಮೈ ಉರಿಯಿತು. ಕೈ ಎತ್ತಿಬಿಟ್ಟೆ.

ನವೆಂಬರ್ 11

ನನಗೆ ಕಂಪ್ಯೂಟರ್ ಕಲಿಸಲು ಬಂದವನು ಸುಧೀಂದ್ರ, ನನ್ನ ಮಗನ ವಯಸ್ಸು. ಮೌಸಿನ ಗುಂಡಿ ಒತ್ತಿದರೆ ಏಳುವುದೇ ಇಲ್ಲ — ಸಂದಿನಲ್ಲಿ ಪೂಜೆಯ ಗಂಧ! ಸೇಫ್ಟಿ ಪಿನ್ನಿನಲ್ಲಿ ಕೆರೆದೆ.

"ಮೇಡಂ, ಆಫೀಸರು ಬಂದಾಗ ನಾನೇ ಕೂತು ಒತ್ತುತ್ತೀನಿ. ನೀವು ಮಾತಾಡಿ ಸಾಕು."

"ನನ್ ಕ್ಲಾಸು ಕಣಪ್ಪ ಅದು. ನಾನೇ ಒತ್ತುತ್ತೀನಿ."

ಅಹಂಕಾರವೇ. ಇರಲಿ.

ನವೆಂಬರ್ 19

ಬರುತ್ತಿದೆ! ಸ್ಕ್ರೀನಿನ ಮೇಲೆ ತ್ರಿಕೋನದ ತುದಿ ಹಿಡಿದು ಎಳೆದರೆ ಮೂರು ಕೋನವೂ ತಾವೇ ಬದಲಾಗುತ್ತವೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಒಂದೂ ತ್ರಿಕೋನ ಅಲುಗಿರಲಿಲ್ಲ.

ನವೆಂಬರ್ 20, ಸಂಜೆ

ಆಫೀಸರು ಹಿಂದಿನ ಬೆಂಚಿನಲ್ಲಿ. "ಕೋನಗಳ ಮೊತ್ತ ಯಾವಾಗಲೂ 180" ಎಂದು ತ್ರಿಕೋನದ ತುದಿ ಎಳೆದೆ. ಕವನಾ ಎದ್ದಳು.

"ಮಿಸ್, 53, 64, 64... 181 ಆಯ್ತು ಮಿಸ್!"

ಕ್ಲಾಸು ಗೊಳ್ಳೆಂದಿತು. ರೇವಣಸಿದ್ದಯ್ಯನವರ ಮುಖ ಇಂಗು ತಿಂದ ಮಂಗನದು. ಸುಧೀಂದ್ರ ಅರ್ಧ ಎದ್ದ. ಕೂರಲು ಕೈ ತೋರಿಸಿದೆ. ಕಂಪ್ಯೂಟರ್ ನನಗೆ ಹೊಸದು, ನಿಜ. ಆದರೆ ಗಣಿತ ನನ್ನದಲ್ಲವೇ?

"ಯಾರು ಸುಳ್ಳು ಹೇಳ್ತಿರೋದು? ತ್ರಿಕೋನಾನೋ, ಕಂಪ್ಯೂಟರ್ರೋ?"

ಕವನಾ ಸ್ಕ್ರೀನ್ ನೋಡುತ್ತಲೇ ಮೆಲ್ಲಗೆ, "ಪಾಯಿಂಟ್ ಆದ್ಮೇಲಿಂದು ನುಂಗ್ಬಿಟ್ಟಿದೆ ಅನ್ಸುತ್ತೆ ಮಿಸ್."

ಬಂಗಾರದಂಥ ಹುಡುಗಿ! ದಶಮಾಂಶ ತೋರಿಸುವುದು ಎಲ್ಲಿದೆಯೋ ನನಗೆ ಗೊತ್ತಿಲ್ಲ. ಮಕ್ಕಳೆದುರೇ ಹುಡುಕಿದೆ. ತಪ್ಪು ಒತ್ತಿದೆ, ಮತ್ತೆ ಒತ್ತಿದೆ... ಸಿಕ್ಕಿತು. 52.6, 63.7, 63.7. ಇಡೀ ಕ್ಲಾಸು ಬಾಯಲ್ಲೇ ಕೂಡಿಸಿ ಕೂಗಿತು — ನೂರ ಎಂಬತ್ತು!

ಆಫೀಸರು ಎದ್ದರು. "ಮಷೀನ್‌ಗಳು ಇಲ್ಲೇ ಇರ್ಲಿ ಮೇಡಂ."

ಹೆಮ್ಮೆಯಾಯಿತು. ಬಹಳ ಹೆಮ್ಮೆಯಾಯಿತು. ಗೋವಿಂದರಾಜನಗರದ ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಕ್ಕೆ.

ನವೆಂಬರ್ 24, ಸೋಮವಾರ, ಕೊನೆಯ ಪೀರಿಯಡ್

ರೇವಣಸಿದ್ದಯ್ಯನವರು ಕಂಪ್ಯೂಟರ್ ಕೋಣೆಗೆ ಬಂದರು. "ಕಮಲಾಕ್ಷಮ್ಮ, ನಂಗೂ ಸ್ವಲ್ಪ ಹೇಳ್ಕೊಡಿ. ಬಾಗ್ಲು ಹಾಕ್ಬಿಡಿ, ಮಕ್ಕಳು ನೋಡ್ತಾರೆ."

"ನೋಡ್ಲಿ ಬಿಡಿ ಸಾರ್. ಕಲಿಯೋದ್ರಲ್ಲಿ ಏನ್ ನಾಚಿಕೆ?"

ಪಕ್ಕದಲ್ಲೇ ಕೂತಿದ್ದಾರೆ, ಎರಡು ಕೈಯಲ್ಲೂ ಮೌಸು ಹಿಡಿದು. ನಗು ತಡೆಯಲು ಇದನ್ನು ಬರೆಯುತ್ತಿದ್ದೇನೆ. ಬಾಗಿಲ ತುಂಬ ಮಕ್ಕಳು. ಕವನಾ ಆಗಲೇ ಒಳಗೆ ಬಂದಿದ್ದಾಳೆ — "ಸಾರ್, ಹಾಗಲ್ಲ ಸಾರ್, ಒಂದೇ ಕೈ..." ಸಾರ್ ಅವಳ ಮಾತು ಕೇಳಿ ಒಂದು ಕೈ ಮೌಸಿನಿಂದ ತೆಗೆದರು.