ದಾಸೋಹಕ್ಕ ಡಿಗ್ರಿ ಯಾಕಂದ್ರಿ

ಅಪ್ಪಾ,

ಮುಂಜಾನಿಂದ ನೀರಿಲ್ಲ, ಊಟಿಲ್ಲ, ಅದರ ಮ್ಯಾಲ ನನ್ನ ಜೋಡಿ ಕಟ್ಟಡದ ಕೆಲಸ ಮಾಡೂ ಚನ್ನೇಶ ಸೆಂಟ್ರಿಂಗ್ ಹಲಗಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡ. ಅದಕ್ಕ ನಿಮ್ಮ ಫೋನ್ ಎತ್ತಲಿಲ್ರಿ. ಈಗ ವಾಟ್ಸಾಪ್‌ನ್ಯಾಗ ಬಾಯಿಲೇ ಹೇಳಿ ಕಳಸಾಕತ್ತೇನಿ.

ಗೋವಾದ ದವಾಖಾನ್ಯಾಗ ನಮ್ಮ ಮಾತು ಯಾರಿಗೂ ತಿಳೀಲಿಲ್ಲ. ಅಷ್ಟರಾಗ ನಮ್ಮ ಸವಣೂರ ಕಡೇ ಮೇಡಂ ಒಬ್ರು ಬಂದು ಡಾಕ್ಟರ್ ಕೂಡ ಮಾತಾಡಿದ್ರು, ಚನ್ನೇಶನ ಅವ್ವಗ ಫೋನಿನ್ಯಾಗ ಧೈರ್ಯ ಹೇಳಿದ್ರು. ನಾ ಕೈ ಮುಗದು, "ಯಾವ ಮಠದಿಂದ ಸೇವಾಕ್ಕ ಬಂದೀರಿ?" ಅಂದ್ನಿ.

"ಮಠ ಅಲ್ಲಪಾ, ಈ ದವಾಖಾನ್ಯಾಗ ಇದ ನನ್ನ ನೌಕರಿ. ಸಮಾಜಕಾರ್ಯ ಕಲಸೂ ಬಿಎಸ್‌ಡಬ್ಲ್ಯೂ ಓದಿ, ಆಮ್ಯಾಲ ಎಂಎಸ್‌ಡಬ್ಲ್ಯೂ ಮಾಡೇನಿ" ಅಂದ್ರು.

ನನಗ ತಂಗಿ ನೆನಪಾದ್ಲು. ನಮ್ಮ ನೇತ್ರಾ ಕೇಳಿದ್ದು ಇದನ್ನ ಅಲ್ಲೇನ್ರಿ? ನೀವು "ದಾಸೋಹದಾಗ ಬಡಸಾಕ ಡಿಗ್ರಿ ಯಾಕ" ಅಂದು ಬಿ.ಕಾಂ. ಅರ್ಜಿ ತಂದೀರಿ. ಬಿ.ಕಾಂ. ಮಾಡಿದ್ರೂ ಎಂಎಸ್‌ಡಬ್ಲ್ಯೂಗೆ ಹೋಗಬಹುದಂತ. ಆದ್ರ ಬಿಎಸ್‌ಡಬ್ಲ್ಯೂದಾಗ ಮೊದಲಿಂದನ ಮಂದಿ ನಡುವ ಕಳಿಸಿ ಕೆಲಸ ಕಲಸ್ತಾರಂತ್ರಿ. ತಂಗಿಗೆ ಅದ ಬೇಕಾಗೇತಿ.

ನಾಳೆ ಅಡ್ಮಿಷನ್‌ಗೆ ಕಡೀ ದಿನ. ಆ ಅರ್ಜಿ ಕೊಡಬ್ಯಾಡ್ರಿ, ಅಕಿನ್ನ ಕರಕೊಂಡು ಬಿಎಸ್‌ಡಬ್ಲ್ಯೂ ಕಾಲೇಜಿಗೆ ಹಾವೇರಿ ಬಸ್ ಹತ್ರಿ. ಮೇಡಂ ನಿಮ್ಮ ಜೋಡಿ ಮಾತಾಡಾಕ ಒಪ್ಯಾರ. ಏನ ಬೈಯೂದಿದ್ರೂ ನನಗ ಬೈರಿ, ಆದ್ರ ಮುಂಜಾನೆ ಏಳಕ್ಕ ಫೋನ್ ಮಾಡ್ರಿ.

ನಿಮ್ಮ ಮಾಲತೇಶ