ಮುಖ ನೋಡದೆ ಹಿಡಿದ ಪದ

ಪುಣೆ, ವಾಘೋಲಿ
೨೧ ಫೆಬ್ರವರಿ ೨೦೨೫, ಶುಕ್ರವಾರ

ಪ್ರೀತಿಯ ಅಜ್ಜೀ, ನಿನ್ನ ಮೈಲಾರಿಯ ಶರಣು.

ಮೊಣಕಾಲು ಹೇಗಿದೆ? ತಂಗಿ ಅಂಬಿಕಾ ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಶೀಶೆಯನ್ನು ದೇವರ ಗೂಡಿನಲ್ಲಿಟ್ಟು ನೋಡುತ್ತಾ ಕೂತಿದ್ದೀಯೋ? ರಾತ್ರಿ ಬರೀ ಟೀ ಕುಡಿದು ಮಲಗುತ್ತೀಯಂತೆ, ಅವ್ವ ಹೇಳಿದಳು. ಹಾಗೆ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ ಊಟ ಇದೆ, ನಿದ್ದೆ ಇದೆ, ಬೆಳಗ್ಗೆ ಎದ್ದಾಗ ಮೈ ಮಾತ್ರ ಬೇರೆ ಯಾರದೋ ಅನ್ನಿಸುತ್ತದೆ. ಇದನ್ನೆಲ್ಲ ಫೋನಿನಲ್ಲಿ ಮಾತಾಡಿ ಅಂಬಿಕಾಗೆ ಕಳಿಸುತ್ತಿದ್ದೇನೆ, ಅವಳು ಬರೆದುಕೊಂಡು ನಿನಗೆ ಓದುತ್ತಾಳೆ. ಹೋದ ಸಲ ನನ್ನ ದನಿಯನ್ನೇ ಕೇಳಿಸಿದ್ದಕ್ಕೆ, ನಾನು ಹೇಳಿದ್ದನ್ನು ಬಿಟ್ಟು, ಹುಡುಗನ ದನಿ ಸೊರಗಿದೆ ಅಂತ ಅಳುತ್ತಾ ಕೂತೆಯಂತೆ. ಕಾಗದವೇ ವಾಸಿ. ನಾನು ಐತೆ ಅಂದದ್ದನ್ನೆಲ್ಲ ಅವಳು ಇದೆ ಅಂತ ತಿದ್ದುತ್ತಾಳೆ. ತಿದ್ದಲಿ, ಡಿಗ್ರಿ ಓದಿದವಳು.

ಕೆಲಸ ಅದೇ, ಕಟ್ಟಡಗಳಿಗೆ ಕಂಬಿ ಕಟ್ಟುವುದು. ಗೋವಾ ಸಾಕಾಗಿ ಇಲ್ಲಿಗೆ ಬಂದೆ, ಮೊನ್ನೆ ಇಲ್ಲಿಂದಲೂ ಹೈದರಾಬಾದಿಗೆ ಹೋಗೋಣ ಅಂತ ಮನಸ್ಸು ಎದ್ದು ಕೂತಿತ್ತು. ಎಲ್ಲಿಗೆ ಹೋದರೂ ಅದೇ ಕಂಬಿ, ಅದೇ ಬಿಸಿಲು ಅಂತ ತಾನೇ ಸುಮ್ಮನಾಯಿತು. ಕಂಬಿಯ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ತಿಪ್ಪೇಶ. ತಿಪ್ಪೇಶ ಅಂದರೆ ನನ್ನ ರೂಮಿನವನು, ಜಗಳೂರು ಕಡೆಯವನು, ಊರಿನಲ್ಲಿ ಡೊಳ್ಳು ಬಾರಿಸುತ್ತಿದ್ದವನು. ಬೆಳಗಿನಿಂದ ಸಂಜೆಯವರೆಗೆ ನಮ್ಮ ಬಾಯಲ್ಲಿ ಎತ್ತು, ಹಿಡಿ, ಎಳಿ, ಬಿಡು, ಇಷ್ಟೇ ಮಾತು. ಹೊಸದರಲ್ಲಿ ಅವು ಕಿವಿಗೆ ಬಿದ್ದಾಗಲೆಲ್ಲ ನಿನ್ನ ನೆನಪಾಗುತ್ತಿತ್ತು. ನಿಮ್ಮ ಸೋಬಾನೆಯಲ್ಲಿ ಎತ್ತುವುದು ಅಂದರೆ ಒಬ್ಬಳು ಪದ ಶುರು ಮಾಡುವುದು, ಹಿಡಿಯುವುದು ಅಂದರೆ ಹಿಂದಿನವಳು ಆ ಸಾಲನ್ನೇ ತಿರುಗಿ ಹಾಡುವುದು. ಎಳಿ ಅಂದರೆ ಅವ್ವನಿಗೆ ರಂಗೋಲಿಯ ಗೆರೆ, ನಿನಗೆ ಸಾಲಿನ ಕೊನೆಯಲ್ಲಿ ಉದ್ದಕ್ಕೆ ಹೋಗುವ ದನಿ. ತಿಪ್ಪೇಶನ ಪ್ರಕಾರ ಹಿಡಿ ಅಂದರೆ ಡೊಳ್ಳಿನ ಮೇಲೆ ಅಂಗೈ ಒತ್ತಿ ಸದ್ದು ಅಡಗಿಸುವುದು. ಇಲ್ಲಿ ಹಿಡಿ ಅಂದರೆ, ಬಿಟ್ಟರೆ ಯಾರದೋ ಕಾಲು ಹೋಗುತ್ತದೆ ಅಂತ. ಈಗೀಗ ಯಾವ ನೆನಪೂ ಬರುವುದಿಲ್ಲ ಅಜ್ಜಿ. ಕೈಯೇ ಕೇಳಿಸಿಕೊಂಡು ಕೈಯೇ ಉತ್ತರ ಕೊಡುತ್ತದೆ.

ಅಂಬಿಕಾ ಫೋನು ಮಾಡಿ ಹೇಳಿದ ಸುದ್ದಿಗೆ ಬರುತ್ತೇನೆ. ಅವಳ ಮದುವೆಯಲ್ಲಿ ನೀನು ಹಾಡುವುದಿಲ್ಲ ಅಂದೆಯಂತೆ. ಸೊಕ್ಕೆಯಿಂದ ಬರುವ ಬೀಗರ ಕಡೆ ಹೆಂಗಸರು ಹಾಡುವುದರಲ್ಲಿ ಎತ್ತಿದ ಕೈ ಅಂತ ಕೇಳಿದ್ದೇನೆ. ಅರಿಶಿಣ ಹಚ್ಚುವಾಗ ಅವರೊಂದು ಪದ ಹಾಡಿದರೆ ನಮ್ಮ ಕಡೆಯಿಂದ ಒಂದು ತಿರುಗಿ ಹೋಗಬೇಕು, ಹೋಗದಿದ್ದರೆ ಹೆಣ್ಣಿನ ಮನೆಯಲ್ಲಿ ಬಾಯಿ ಇರುವವರೇ ಇಲ್ಲವಾ ಅಂತ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅಂಬಿಕಾಗೆ ಅದರ ಚಿಂತೆ ಇಲ್ಲ. ತೊಟ್ಟಿಲ ಪದ ಹಾಡಿದ ಬಾಯಿಂದಲೇ ಅರಿಶಿಣದ ಪದವನ್ನೂ ಕೇಳಬೇಕು, ಇಲ್ಲದಿದ್ದರೆ ಯಾವ ಪದವೂ ಬೇಡ ಅಂತ ಅತ್ತಳು. ಅಂಬಿಕಾ, ಇದನ್ನು ಬಿಟ್ಟು ಬರೆಯಬೇಡ, ಅತ್ತದ್ದು ನಿಜ ತಾನೇ? ಅವ್ವ ಸೌಂಡ್ ಬಾಕ್ಸ್ ಹಾಕಿಸೋಣ ಅಂದಳಂತೆ. ಬೀಗರ ಮೂಗು ಎಷ್ಟುದ್ದ ಇದೆ ಅಂತ ನೋಡಿಕೊಂಡು ಹಂಗಿಸಲು ಆ ಬಾಕ್ಸಿಗೆ ಕಣ್ಣಿದೆಯಾ?

ಎಲ್ಲ ಆ ನ್ಯಾಮತಿಯ ಮದುವೆಯಿಂದ. ಜಯದೇವಪ್ಪನವರ ಮಗಳ ಮದುವೆ. ನಾನು ಅಲ್ಲಿರಲಿಲ್ಲ, ನೀನೇ ಹೇಳಿದ್ದು. ಆರತಿ ಪದ ನೀನು ಎತ್ತಿದೆ, ಎಂದಿನಂತೆ ಅಂತರಘಟ್ಟಮ್ಮಜ್ಜಿ ಹಿಡಿದಳು. ನಡುವೆ ನಿನಗೆ ಸಾಲು ಮರೆತುಹೋಯಿತು. ನೆನಪಾಗುವವರೆಗೂ ಅವಳು ಕಾಯಲಿಲ್ಲ, ಮುಂದಿನ ಸಾಲನ್ನು ತಾನೇ ಎತ್ತಿದಳು, ಕೊನೆಯವರೆಗೂ ತಾನೇ ನಡೆಸಿದಳು. ಉಂಡು ಏಳುವಾಗ ಯಾರೋ ಹೆಂಗಸರು, ಇನ್ನು ಮೇಲೆ ಇವಳೇ ಎತ್ತಲಿ ಬಿಡಿ ಅಂದರು. ನಿಮ್ಮ ಮದುವೆಗಳಿಗೂ ಮುಂಚಿನಿಂದ ಜೊತೆಯಲ್ಲಿ ಹಾಡಿಕೊಂಡು ಬಂದವರು ನೀವಿಬ್ಬರು, ವಾಪಸ್ಸು ಬರುವಾಗ ಬಸ್ಸಿನಲ್ಲಿ ಬೇರೆ ಬೇರೆ ಸೀಟು ಹಿಡಿದಿರಿ. ಆಮೇಲೆ ಅವಳು ನಮ್ಮ ಸಂತೇಬೆನ್ನೂರು ಬಿಟ್ಟು ಹೊನ್ನಾಳಿಗೆ, ಮಗನ ಮನೆಗೆ ಹೋದಳು. ಅವಳು ಹೇಳಿ ಹೋಗಲಿಲ್ಲ, ನೀನೂ ಕೇಳಲಿಲ್ಲ. ಸಾಲು ಕಿತ್ತುಕೊಂಡದ್ದಕ್ಕಿಂತ ನಿನಗೆ ಹತ್ತಿ ಕೂತದ್ದು ಬೇರೆ. “ಹಾಡಿದ್ಲು, ಹಾಡ್ಲಿ ಮಗ. ಒಂದ್ಸಲನಾದ್ರೂ ನನ್ನ ಮುಖ ನೋಡಬೇಕಿತ್ತೋ ಬ್ಯಾಡವೋ? ಗೋಡೆ ನೋಡ್ಕಂಡು ಹಾಡಿದ್ಲು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನಂಗೆ.” ಎಷ್ಟು ಸಲ ಹೇಳಿದೆಯೋ ಇದನ್ನು.

ಇದನ್ನು ನಾನು ತಿಪ್ಪೇಶನಿಗೆ ಹೇಳಿದ್ದು ಸುಮ್ಮನೆ, ಬೇಜಾರು ಕಳೆಯಲು. ಅವನು ಚಪಾತಿ ಹಿಟ್ಟು ನಾದುತ್ತಿದ್ದ. ನಾದುವುದು ನಿಲ್ಲಿಸಿ, ಆ ಅಜ್ಜಿಯ ಮನೆಯಲ್ಲಿ ಡೊಳ್ಳು ಬಾರಿಸುವವರು ಯಾರಾದರೂ ಇದ್ದರಾ ಅಂತ ಕೇಳಿದ. ಗಂಡ ಚಿಕ್ಕಹನುಮಂತಪ್ಪ ಸಾಯುವವರೆಗೂ ಡೊಳ್ಳು ಬಾರಿಸಿದವನು ಅಂದೆ. “ಹಂಗಾರೆ ಮುಗೀತು,” ಅಂದ. ಮುಂದೆ ನಿಂತು ಕುಣಿಸುವವನ ಕೈ ತಪ್ಪಿದರೆ ಪಕ್ಕದವನು ಪೆಟ್ಟು ನಿಲ್ಲದಂತೆ ತಾನು ತೆಗೆದುಕೊಂಡು ಹೋಗಬೇಕಂತೆ, ಅವನ ಕಡೆ ಮಾತ್ರ ಕತ್ತು ತಿರುಗಿಸಬಾರದಂತೆ. ತಂಡಕ್ಕೆ ಸೇರಿದ ಹೊಸದರಲ್ಲಿ ಅವನು ಒಮ್ಮೆ ತಿರುಗಿ ನೋಡಿದ್ದಕ್ಕೆ ಬೆನ್ನಿಗೆ ಗುದ್ದು ಬಿದ್ದಿತ್ತಂತೆ. “ತಪ್ಪಿದೋನ ಮುಖ ನೋಡಬಾರದಲೇ. ನಾವು ನೋಡಿದ್ರೆ ಜನಾನೂ ಅತ್ಲಾಗೇ ನೋಡ್ತೈತೆ. ಅವನ ಮಾನ ಉಳೀಬೇಕಂದ್ರೆ ನಾವು ಆಕಾಶ ನೋಡ್ಕಂಡು ಬಾರಿಸಬೇಕು.” ಇಷ್ಟು ಹೇಳಿ ಮತ್ತೆ ಹಿಟ್ಟು ನಾದತೊಡಗಿದ. ನನಗೆ ಅವತ್ತು ಚಪಾತಿ ಸೇರಲಿಲ್ಲ.

ಅಜ್ಜಿ, ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು. ಆದರೆ ಒಂದು ಯೋಚನೆ ಮಾಡು. ಇನ್ನು ಮೇಲೆ ಇವಳೇ ಎತ್ತಲಿ ಅಂತ ಆ ಹೆಂಗಸರು ಅಂದರಲ್ಲ, ಹಾಗಾದರೆ ನೀನಾಗಿಯೇ ಅವಳಿಗೆ ಬಿಟ್ಟುಕೊಟ್ಟೆ ಅಂದುಕೊಂಡಿರಬೇಕು. ಮರೆತಳು ಅಂತ ಒಬ್ಬರಾದರೂ ಅಂದರಾ? ನೀನು ಮರೆತದ್ದು ನಿಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ. ನೀನು ಹೇಳಿದ್ದಕ್ಕೆ ನಮಗೆ ಗೊತ್ತಾಯಿತು, ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ. ನಿಮ್ಮ ಹೆಂಗಸರ ಪದದಲ್ಲಿ ಮುಖ ನೋಡಿ ಹಾಡುವುದು ಮರ್ಯಾದೆ ಇರಬಹುದು, ಅವಳ ಗಂಡನ ಮನೆಯಲ್ಲಿ ನೋಡದೆ ಇರುವುದೇ ಮರ್ಯಾದೆ ಆಗಿತ್ತೇನೋ. ಇದು ತಿಪ್ಪೇಶನ ಮಾತು, ನನ್ನ ಮಾತು. ಅವಳ ಮಾತು ಏನು ಅಂತ ನೀನೇ ಕೇಳಬೇಕು.

ಬೆಳಗ್ಗೆ ಸ್ಲ್ಯಾಬ್ ಹಾಕುವುದಿದೆ, ಬೇಗ ಏಳಬೇಕು, ಕಣ್ಣು ಎಳೆಯುತ್ತಿದೆ. ಮದುವೆಗೆ ನಾಲ್ಕು ದಿನ ಮುಂಚೆ ಬಂದುಬಿಡುತ್ತೇನೆ, ಚಪ್ಪರಕ್ಕೆ ಬೇರೆಯವರನ್ನು ಕರೆಯಬೇಡಿ ಅಂತ ಅಪ್ಪನಿಗೆ ಹೇಳು. ಅವ್ವನಿಗೆ ನನ್ನ ನೆನಪು. ಇಷ್ಟುದ್ದ ಬರೆದ ಮದುಮಗಳಿಗೆ ಪುಣೆಯಿಂದ ಒಂದು ಸೀರೆ ತರುತ್ತೇನೆ, ಬಣ್ಣ ಚೆನ್ನಾಗಿಲ್ಲ ಅನ್ನಬಾರದು. ನಿನ್ನ ಕೈ ನನ್ನ ತಲೆಯ ಮೇಲಿರಲಿ ಅಜ್ಜಿ.

ನಿನ್ನ ಮೊಮ್ಮಗ
ಮೈಲಾರಿ

ಇದೊಂದು ಉಳಿಯಿತು: ಅಂಬಿಕಾ, ಇದನ್ನು ಅಜ್ಜಿ ಉಂಡಾದ ಮೇಲೆ ಓದು. ಅಜ್ಜಿ, ನಿನ್ನೆ ಹೊನ್ನಾಳಿಗೆ ಫೋನು ಮಾಡಿದ್ದೆ. ಮೊದಲು ಅವಳ ಸೊಸೆ ಮಾತಾಡಿದಳು. ನ್ಯಾಮತಿಯಿಂದ ಬಂದ ಮೇಲೆ ಅಂತರಘಟ್ಟಮ್ಮಜ್ಜಿ ಎಲ್ಲೂ ಹಾಡಿಲ್ಲವಂತೆ. ಸ್ವಂತ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗ ಎಲ್ಲರೂ ಬೇಡಿಕೊಂಡರೂ, “ಎತ್ತೋಳು ಸಂತೇಬೆನ್ನೂರಾಗೆ ಅದಾಳೆ, ನಾನು ಏನನ್ನ ಹಿಡೀಲಿ?” ಅಂದು ಊಟಕ್ಕೆ ಎಲೆ ಹಾಕಲು ಹೋದಳಂತೆ. ಆಮೇಲೆ ಅವಳೇ ಫೋನಿಗೆ ಬಂದಳು. ಏನೇನೋ ಹೇಳಬೇಕು ಅಂತಿದ್ದವನು, ನಮ್ಮಜ್ಜಿ ನಿನ್ನನ್ನು ಬಾ ಅಂದಿದ್ದಾಳೆ ಅಂದುಬಿಟ್ಟೆ. ಬಸ್ಸು ಎಷ್ಟು ಹೊತ್ತಿಗೆ ಅಂತಷ್ಟೇ ಕೇಳಿದಳು. ಶಿವರಾತ್ರಿಯ ಮಾರನೇ ದಿನ ಬರುತ್ತಾಳೆ. ನೀನು ಕರೆದಿಲ್ಲ ಅನ್ನುವುದು ನನಗೆ, ಅಂಬಿಕಾಗೆ, ನಿನಗೆ ಮಾತ್ರ ಗೊತ್ತು. ಬಾಗಿಲಿಗೆ ಬಂದು ನಿಂತವಳಿಗೆ ಗೊತ್ತಾಗದ ಹಾಗೆ ನೋಡಿಕೋ.